ಕೋಳಿ ಚೆನ್ನಾಗಿದೆ, ಆದರೂ ರೋಗಾಣು ಇದೆ: ಕ್ಯಾಂಪಿಲೊಬ್ಯಾಕ್ಟರ್ ಬಗ್ಗೆ ಓದುಗರ ಪ್ರಶ್ನೆಗಳು

2025ರ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಎಂಬ ನರಗಳ ಕಾಯಿಲೆ ದಿಢೀರನೆ ಹೆಚ್ಚಿತು. ಅಲ್ಲಿಂದೀಚೆಗೆ, ಭೇದಿ ತರುವ ಮತ್ತು ಆ ಕಾಯಿಲೆಗೂ ದಾರಿ ಮಾಡಬಲ್ಲ ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುವಿನ ಹೆಸರು ಕೋಳಿ ಸಾಕುವವರಿಗೂ ಮಾಂಸ ಕೊಳ್ಳುವವರಿಗೂ ಪರಿಚಯವಾಗಿದೆ. ಕೋಳಿ, ಹಸು, ಕುರಿ, ಬಾವಿ ನೀರು ಹೀಗೆ ಎಲ್ಲದರ ಬಗ್ಗೆಯೂ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಉತ್ತರ ಕೊಟ್ಟವರು ಪಶುವೈದ್ಯರು ಮತ್ತು ಆಹಾರ ಸುರಕ್ಷತೆಯ ಸೂಕ್ಷ್ಮಜೀವಿ ತಜ್ಞರು.

ಪ್ರಶ್ನೆ: 5,000 ಬ್ರಾಯ್ಲರ್ ಬ್ಯಾಚ್. ವಯಸ್ಸು 32 ದಿನ. ಕಂಪನಿಯವರು ಹಿಕ್ಕೆ ಪರೀಕ್ಷೆ ಮಾಡಿಸಿ ಕ್ಯಾಂಪಿಲೊಬ್ಯಾಕ್ಟರ್ ಇದೆ ಅಂದರು. ಆದರೆ ಮೇವು ಚೆನ್ನಾಗಿ ತಿನ್ನುತ್ತಿವೆ, ತೂಕ ಬಂದಿದೆ, ಸಾವು ಕಡಿಮೆ. ರಿಪೋರ್ಟ್ ತಪ್ಪೋ? ಯಾವ ಔಷಧ ಕೊಡಬೇಕು? (ದೊಡ್ಡಬಳ್ಳಾಪುರ ಕಡೆಯ ಸಾಕಣೆದಾರರು)

ಉತ್ತರ: ರಿಪೋರ್ಟ್ ಸರಿಯೇ ಇರಬಹುದು. ಈ ರೋಗಾಣುವಿನ ವಿಚಾರದಲ್ಲಿ ಕೋಳಿ ಚೆನ್ನಾಗಿರುವುದೇ ಸಾಮಾನ್ಯ. ಮನುಷ್ಯರಿಗೆ ಭೇದಿ ತರುವುದು ಮುಖ್ಯವಾಗಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ, ಅದರ ಜೊತೆಗೆ ಕ್ಯಾಂಪಿಲೊಬ್ಯಾಕ್ಟರ್ ಕೋಲೈ ಎಂಬ ಜಾತಿ. 30 ಡಿಗ್ರಿಗಿಂತ ಕೆಳಗೆ ಇವು ಬೆಳೆಯುವುದಿಲ್ಲ, 42 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತವೆ. ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ. ಆಮ್ಲಜನಕವೂ ಇವಕ್ಕೆ ಶೇ 5ರ ಆಸುಪಾಸಿನಲ್ಲಿದ್ದರೆ ಸಾಕು, ನಾವು ಉಸಿರಾಡುವ ಗಾಳಿಯಲ್ಲಿರುವಷ್ಟಾದರೆ ಹೆಚ್ಚಾಯಿತು. ಹಾಗಾಗಿ ಕೋಳಿಯ ಕುರುಡುಕರುಳು ಇವಕ್ಕೆ ಹೇಳಿಮಾಡಿಸಿದ ಜಾಗ. ಅಲ್ಲಿನ ಒಂದು ಗ್ರಾಂ ವಸ್ತುವಿನಲ್ಲಿ ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೂ ಇರುತ್ತವೆ, ಕೋಳಿಗೆ ಅದರ ಪರಿವೆಯೇ ಇರುವುದಿಲ್ಲ.

ಮರಿ ಬಂದ ಮೊದಲ ಎರಡು ಮೂರು ವಾರ ಸಾಮಾನ್ಯವಾಗಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ತಾಯಿಕೋಳಿಯಿಂದ ಬಂದ ರೋಗನಿರೋಧಕ ಅಂಶ ಅಷ್ಟು ದಿನ ಕಾಯುತ್ತದೆ. ಆಮೇಲೆ ಶೆಡ್ಡಿನ ಒಂದು ಕೋಳಿಗೆ ಹತ್ತಿದರೂ ಸಾಕು, ಒಂದು ವಾರದೊಳಗೆ ಹೆಚ್ಚುಕಡಿಮೆ ಎಲ್ಲಕ್ಕೂ ಹಬ್ಬುತ್ತದೆ. ಕೋಳಿಗಳು ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಕೆದಕಿ ಒಂದರ ಹಿಕ್ಕೆ ಇನ್ನೊಂದು ಕುಕ್ಕುತ್ತವೆ, ಒಂದೇ ಸಾಲಿನ ನೀರು ಕುಡಿಯುತ್ತವೆ. 32ನೇ ದಿನಕ್ಕೆ ನಿಮ್ಮ ಬ್ಯಾಚ್ ಈ ಹಂತ ದಾಟಿರುತ್ತದೆ.

ಔಷಧ ಕೊಡಬೇಡಿ. ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಇಂಥ ರಿಪೋರ್ಟ್ ಕೈಗೆ ಬಂದ ತಕ್ಷಣ ನೀರಿಗೆ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುವವರಿದ್ದಾರೆ. ಗೈರೇಸ್ ಎಂಬ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ರೋಗಾಣು ಆ ಗುಂಪಿನ ಔಷಧಗಳಿಗೆಲ್ಲ ಜಗ್ಗುವುದಿಲ್ಲ. ಆ ಬದಲಾವಣೆಯಿಂದ ಅದರ ಬೆಳವಣಿಗೆಗೆ ಹೇಳಿಕೊಳ್ಳುವಂಥ ತೊಂದರೆಯೂ ಆಗದು. ಔಷಧಕ್ಕೆ ಬಗ್ಗುವವು ಸಾಯುತ್ತವೆ, ಬಗ್ಗದವು ಶೆಡ್ ತುಂಬಿಕೊಳ್ಳುತ್ತವೆ. ಅದೇ ರೋಗಾಣು ಮನುಷ್ಯನಿಗೆ ಹತ್ತಿದಾಗ ಅದೇ ಗುಂಪಿನ ಸಿಪ್ರೊಫ್ಲಾಕ್ಸಾಸಿನ್ ಕೆಲಸ ಮಾಡುವುದಿಲ್ಲ. ಈ ಕಾರಣಕ್ಕೇ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರ ಸೆಪ್ಟೆಂಬರ್‌ನಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಬಳಸುವ ಅನುಮತಿಯನ್ನೇ ಹಿಂದಕ್ಕೆ ಪಡೆಯಿತು. ಕಾಯಿಲೆಯೇ ಇಲ್ಲದ ಹಕ್ಕಿಗೆ ಔಷಧ ಕೊಟ್ಟು ಊರಿನ ಜನರ ಔಷಧವನ್ನು ಹಾಳು ಮಾಡುವುದು ಬೇಡ. ಮಾರುಕಟ್ಟೆಯಲ್ಲಿ ಕೋಳಿಗೆ ಇದರ ಲಸಿಕೆಯೂ ಇಲ್ಲ.

ಈ ಬ್ಯಾಚನ್ನು ಎಂದಿನಂತೆ ಮಾರಿ. ಕಂಪನಿಯ ಸ್ವಂತ ಕತ್ತರಿಸುವ ಘಟಕವಿದ್ದರೆ ನಿಮ್ಮ ಕೋಳಿಗಳನ್ನು ಆ ದಿನದ ಕೊನೆಗೆ ಇಟ್ಟುಕೊಳ್ಳಲು ಹೇಳಿ. ಬೇರೆ ಬ್ಯಾಚಿನ ಮಾಂಸಕ್ಕೆ ಯಂತ್ರಗಳ ಮೂಲಕ ದಾಟುವುದು ಆಗ ತಪ್ಪುತ್ತದೆ. ನಿಜವಾದ ಕೆಲಸ ಇರುವುದು ಮುಂದಿನ ಬ್ಯಾಚಿನಲ್ಲಿ.

ಪ್ರಶ್ನೆ: ಶೆಡ್ ತೊಳೆದು, ಸುಣ್ಣ ಹೊಡೆದು, ಹೊಸ ಭತ್ತದ ಹೊಟ್ಟು ಹಾಸಿಯೇ ಮರಿ ಬಿಡುತ್ತೇವೆ. ಮತ್ತೆ ಎಲ್ಲಿಂದ ಬರುತ್ತದೆ? ಹ್ಯಾಚರಿಯಿಂದಲೇ ಬರುತ್ತದೆಯೇ? (ತುಮಕೂರು, ನಾಮಕ್ಕಲ್‌ನಿಂದ ಕೂಡ)

ಉತ್ತರ: ಮೊಟ್ಟೆಯ ಮೂಲಕ ಮರಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಸಾಲ್ಮೊನೆಲ್ಲಾ ಎಂಬ ಇನ್ನೊಂದು ರೋಗಾಣುವಿನ ಹಾಗಲ್ಲ ಇದು. ಒಣಗಿದ ಜಾಗದಲ್ಲಿ ಈ ರೋಗಾಣು ಬೇಗ ಸಾಯುತ್ತದೆ. ಆದ್ದರಿಂದ ಒಣ ಮೇವು, ಹೊಸ ಹೊಟ್ಟು ಇವುಗಳ ಮೇಲೂ ಅನುಮಾನ ಪಡಬೇಕಿಲ್ಲ. ಹುಡುಕಬೇಕಾದದ್ದು ಒದ್ದೆಯಿರುವ ಕಡೆ. ಶೆಡ್ಡಿನ ಬಾಗಿಲಾಚೆಯ ಕೆಸರು, ಪಕ್ಕದ ಕೊಟ್ಟಿಗೆಯ ಸಗಣಿ, ಅಂಗಳದ ನಾಟಿ ಕೋಳಿಯ ಹಿಕ್ಕೆ, ಇಲಿ, ನೊಣ, ತೊಳೆಯದ ಕ್ರೇಟ್ ಇವೇ ಮೂಲ. ಇವುಗಳಲ್ಲಿ ಹೆಚ್ಚಿನವನ್ನು ಒಳಗೆ ಹೊತ್ತು ತರುವುದು ಮನುಷ್ಯರ ಕಾಲು.

ಬಾಗಿಲಲ್ಲಿ ಇಟ್ಟಿರುವ ಫುಟ್‌ಬಾತ್ (ಕಾಲು ಅದ್ದುವ ಕ್ರಿಮಿನಾಶಕದ ತೊಟ್ಟಿ) ಒಮ್ಮೆ ನೋಡಿ. ಬಹುತೇಕ ಫಾರಂಗಳಲ್ಲಿ ಅದರ ನೀರು ಚಹದ ಬಣ್ಣಕ್ಕೆ ತಿರುಗಿರುತ್ತದೆ, ತಳದಲ್ಲಿ ಎರಡು ಬೆರಳು ಮಣ್ಣು. ಮಣ್ಣು, ಸಗಣಿ ಸೇರಿದ ಕೂಡಲೇ ಕ್ರಿಮಿನಾಶಕದ ಶಕ್ತಿ ಅವುಗಳ ಮೇಲೇ ಖರ್ಚಾಗುತ್ತದೆ. ಚಪ್ಪಲಿ ಅದರಲ್ಲಿ ಅದ್ದಿ ತೆಗೆಯುವುದು ಎರಡು ಸೆಕೆಂಡಿನ ಕೆಲಸ, ಅಷ್ಟರಲ್ಲಿ ಏನೂ ಸಾಯುವುದಿಲ್ಲ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಚಪ್ಪಲಿಯನ್ನೇ ಬದಲಿಸುವ ಪದ್ಧತಿ. ಬಾಗಿಲೊಳಗೆ ಮೊಣಕಾಲೆತ್ತರಕ್ಕೆ ಇಟ್ಟಿಗೆ ಕಟ್ಟೆ ಕಟ್ಟಿ, ಇಲ್ಲವೇ ಹಲಗೆ ಅಡ್ಡ ಹಾಕಿ. ಹೊರಗಿನ ಬದಿಯಲ್ಲಿ ಹೊರಗಿನ ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕೂತು ಕಾಲು ಒಳಗೆ ಹಾಕಿ, ಒಳಗೇ ಇರುವ ಬೇರೆ ಬಣ್ಣದ ಗಮ್‌ಬೂಟ್ ಹಾಕಿಕೊಳ್ಳಬೇಕು, ಕೈ ಸೋಪಿನಲ್ಲಿ ತೊಳೆಯಬೇಕು. ಹೊರಗಿನದು ಕಪ್ಪು, ಒಳಗಿನದು ಕೆಂಪು ಎಂದಿಟ್ಟರೆ ತಪ್ಪು ದೂರದಿಂದಲೇ ಕಾಣುತ್ತದೆ. ಶೆಡ್ಡಿಗೊಂದು ಜೊತೆ ಸಾಲದು, ಸೂಪರ್‌ವೈಸರ್‌ಗೂ ಲಸಿಕೆ ಹಾಕಲು ಬರುವವರಿಗೂ ಹೆಚ್ಚುವರಿ ಇಡಿ. ಇಲ್ಲದಿದ್ದರೆ ‘ಒಂದೇ ನಿಮಿಷ ಸಾರ್’ ಎನ್ನುತ್ತ ಬರಿಗಾಲಲ್ಲಿ ನುಗ್ಗುತ್ತಾರೆ. ಪದ್ಧತಿ ಕೆಡುವುದು ಅಲ್ಲಿಯೇ. ಫುಟ್‌ಬಾತ್ ಇರಲಿ, ಆದರೆ ಪಕ್ಕದಲ್ಲಿ ಬ್ರಷ್ ಮತ್ತು ನೀರು ಇಟ್ಟು ಮೊದಲು ಮಣ್ಣು ಉಜ್ಜಿ ತೆಗೆಯಲಿ. ದ್ರಾವಣ ದಿನಾ ಬದಲಾಗಲಿ, ಮಳೆ ನೀರು ಸೇರದ ಹಾಗೆ ಮೇಲೆ ಒಂದು ಶೀಟ್ ಇರಲಿ.

ನೊಣದ ವಿಷಯ ಬೇರೆ. ಡೆನ್ಮಾರ್ಕ್‌ನಲ್ಲಿ ಬೇಸಗೆಯಲ್ಲಿ ಶೆಡ್ಡುಗಳ ಗಾಳಿಕಂಡಿಗಳಿಗೆ ನೊಣದ ಬಲೆ ಹಾಕಿದಾಗ ರೋಗಾಣು ಸಿಕ್ಕ ಬ್ಯಾಚುಗಳು ಶೇ 51ರಿಂದ ಶೇ 15ಕ್ಕೆ ಇಳಿದವು. ಅವು ಮುಚ್ಚಿದ ಶೆಡ್ಡುಗಳು. ಗಾಳಿ ಬರುವುದು ಗೊತ್ತಾದ ಕಂಡಿಗಳಿಂದ ಮಾತ್ರ. ನಮ್ಮ ತೆರೆದ ಬದಿಯ ಶೆಡ್ಡಿಗೆ ಅಷ್ಟು ಸಣ್ಣ ಬಲೆ ಸುತ್ತಿದರೆ ಏಪ್ರಿಲ್ ತಿಂಗಳಲ್ಲಿ ಕೋಳಿ ಸೆಕೆಗೆ ಸಾಯುತ್ತವೆ. ಇಲ್ಲಿ ಮಾಡಬಹುದಾದದ್ದು ನೊಣ ಹುಟ್ಟದ ಹಾಗೆ ನೋಡಿಕೊಳ್ಳುವುದು. ಸತ್ತ ಕೋಳಿಯನ್ನು ಅಂದೇ ಮುಚ್ಚಳವಿರುವ ಗುಂಡಿಗೆ ಹಾಕಿ ಸುಣ್ಣ ಎರಚಿ. ನಿಪ್ಪಲ್ (ಕೋಳಿ ಕುಕ್ಕಿ ನೀರು ಕುಡಿಯುವ ಸಣ್ಣ ನಳಿಕೆ) ಸೋರಿ ಒದ್ದೆಯಾದ ಲಿಟರ್ ಅಂದಂದೇ ತೆಗೆದು ಒಣ ಹೊಟ್ಟು ಹಾಕಿ. ತಿಪ್ಪೆ ಶೆಡ್ಡಿನ ಹತ್ತಿರ ಬೇಡ. ಹಿಡಿ ಲಿಟರ್ ತೆಗೆದು ಮುಷ್ಟಿಯಲ್ಲಿ ಹಿಂಡಿ. ಉಂಡೆಯಾಗಿ ಹಾಗೇ ನಿಂತರೆ ತೇವ ಹೆಚ್ಚಾಗಿದೆ, ಕೈ ಬಿಟ್ಟಾಗ ಸಡಿಲಗೊಂಡು ಉದುರಿದರೆ ಸರಿಯಿದೆ. ಶೆಡ್ಡಿನ ಸುತ್ತ ಒಂದು ಮೀಟರ್ ಅಗಲಕ್ಕೆ ಜಲ್ಲಿ ಹಾಕಿ ಹುಲ್ಲು ಬೆಳೆಯದಂತೆ ಇಟ್ಟರೆ ಇಲಿಯೂ ದೂರ ನಿಲ್ಲುತ್ತದೆ. ಒಂದೇ ಆಳು ಬೆಳಿಗ್ಗೆ ಹಸು ಕರೆದು ಅದೇ ಬಟ್ಟೆಯಲ್ಲಿ ಕೋಳಿ ಶೆಡ್ಡಿಗೆ ಬರುವುದನ್ನೂ ನಿಲ್ಲಿಸಿ. ಕೆಲಸ ಕೋಳಿಯಿಂದ ಶುರುವಾಗಿ ಕೊಟ್ಟಿಗೆಯಲ್ಲಿ ಮುಗಿಯಲಿ.

ಪ್ರಶ್ನೆ: ಕೊಳವೆಬಾವಿ ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಹಾಕಿದರೂ ಪ್ರಯೋಜನವಾಗುತ್ತಿಲ್ಲ ಎಂದು ಲ್ಯಾಬ್‌ನವರು ಹೇಳುತ್ತಾರೆ. (ಕೋಲಾರ)

ಉತ್ತರ: ಕ್ಯಾಂಪಿಲೊಬ್ಯಾಕ್ಟರ್ ಕ್ಲೋರಿನ್‌ಗೆ ಸುಲಭವಾಗಿ ಸಾಯುವ ಜೀವಿ. ಪ್ರಯೋಜನ ಕಾಣುತ್ತಿಲ್ಲವೆಂದರೆ ಕ್ಲೋರಿನ್ ಕೋಳಿಯ ಕೊಕ್ಕಿನವರೆಗೆ ತಲುಪುತ್ತಿಲ್ಲ ಎಂದರ್ಥ.

ಲೆಕ್ಕ ಹೀಗಿದೆ. ತಾಜಾ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಶೇ 33 ಕ್ಲೋರಿನ್ ಇರುತ್ತದೆ. 1,000 ಲೀಟರ್ ಟ್ಯಾಂಕಿಗೆ 5 ಪಿಪಿಎಂ (ಲೀಟರಿಗೆ 5 ಮಿಲಿಗ್ರಾಂ) ಬೇಕಾದರೆ 5 ಗ್ರಾಂ ಕ್ಲೋರಿನ್, ಅಂದರೆ 15 ಗ್ರಾಂ ಪೌಡರ್. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳ ಸೇರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ಗಸಿ ಹೋದರೆ ನಿಪ್ಪಲ್ ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಬಾಯಿ ತೆರೆದಿಟ್ಟ ಚೀಲದ ಪೌಡರ್ ತಿಂಗಳೊಪ್ಪತ್ತಿನಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಎಷ್ಟು ತೂಗಿ ಹಾಕಿದರೂ ಲೆಕ್ಕ ಸಿಗದು.

ಅಳೆಯಬೇಕಾದದ್ದು ಟ್ಯಾಂಕಿನಲ್ಲಲ್ಲ, ಸಾಲಿನ ಕಟ್ಟಕಡೆಯ ನಿಪ್ಪಲ್‌ನಲ್ಲಿ. ಕ್ಲೋರಿನ್ ನೋಡುವ ಸಣ್ಣ ಕಿಟ್ ಸಿಗುತ್ತದೆ. ಟ್ಯಾಂಕಿನಲ್ಲಿ 5 ಇದ್ದು ಕೊನೆಯ ನಿಪ್ಪಲ್‌ನಲ್ಲಿ ಸೊನ್ನೆ ಬಂದರೆ ಪೈಪಿನೊಳಗೆ ಲೋಳೆ ಕಟ್ಟಿದೆ. ವಿಟಮಿನ್, ಬೆಲ್ಲದ ನೀರು, ಔಷಧ ಹಾಯಿಸಿದ ಪೈಪಿನಲ್ಲಿ ಈ ಲೋಳೆ ಬೇಗ ಕಟ್ಟುತ್ತದೆ. ಬ್ಯಾಚ್ ಖಾಲಿಯಾದಾಗ ಲೈನ್ ತೊಳೆಯಲೆಂದೇ ಮಾರುವ ಹೈಡ್ರೋಜನ್ ಪೆರಾಕ್ಸೈಡನ್ನು ಲೇಬಲ್‌ನಲ್ಲಿರುವ ಪ್ರಮಾಣದಲ್ಲಿ ತುಂಬಿಸಿ, ಒಂದು ರಾತ್ರಿ ಬಿಟ್ಟು, ಕೊನೆಯ ತುದಿ ತೆರೆದು ಜೋರಾಗಿ ನೀರು ಹಾಯಿಸಿ.

ಇನ್ನೊಂದು ಕಾರಣ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ. ಗಡಸು ನೀರಿನಲ್ಲಿ ಅದು 8 ಇರುವುದು ಮಾಮೂಲು. ಪಿಎಚ್ 7ರಲ್ಲಿ ಹಾಕಿದ ಕ್ಲೋರಿನ್‌ನ ಮುಕ್ಕಾಲು ಪಾಲು ಕೊಲ್ಲುವ ರೂಪದಲ್ಲಿರುತ್ತದೆ, 8ರಲ್ಲಿ ಕಾಲು ಪಾಲು ಮಾತ್ರ. ಪಿಎಚ್ ಇಳಿಸಲು ಆಮ್ಲ ಬಳಸುವುದಾದರೆ ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್‌ನಲ್ಲಿ ಎಂದಿಗೂ ಬೆರೆಸಬೇಡಿ. ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಎರವಾಗುತ್ತದೆ. ಮೊದಲು ಟ್ಯಾಂಕಿನ ನೀರಿಗೆ ಆಮ್ಲ ಹಾಕಿ ಚೆನ್ನಾಗಿ ಕಲಕಿ, ಬಹಳ ಹೊತ್ತಿನ ನಂತರ ಬೇರೆ ಬಕೆಟ್‌ನ ಕ್ಲೋರಿನ್ ತಿಳಿ ಹಾಕಿ. ನೀರಿನಲ್ಲಿ ಲಸಿಕೆ ಕೊಡುವ ಒಂದೆರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಬೇಕು, ಇಲ್ಲವಾದರೆ ಲಸಿಕೆಯೇ ಸಾಯುತ್ತದೆ.

ಪ್ರಶ್ನೆ: ವ್ಯಾಪಾರಿ ಒಂದೇ ದಿನ ಎಲ್ಲ ಕೋಳಿ ಎತ್ತುವುದಿಲ್ಲ. ನಾಲ್ಕೈದು ದಿನ ಲಿಫ್ಟಿಂಗ್ ನಡೆಯುತ್ತದೆ. ಇದರಿಂದ ತೊಂದರೆಯೇ?

ಉತ್ತರ: ತೊಂದರೆಯೇ. ಮೂವತ್ತೈದು ದಿನ ಕಾಪಾಡಿದ್ದು ಮೊದಲ ರಾತ್ರಿಯ ಲಿಫ್ಟಿಂಗ್‌ನಲ್ಲಿ ಹೋಗಿಬಿಡಬಹುದು. ಹಿಡಿಯುವ ಹುಡುಗರು ಅದೇ ಸಂಜೆ ಬೇರೆ ಫಾರಂನಲ್ಲಿ ಕೋಳಿ ಹಿಡಿದು ಬಂದಿರುತ್ತಾರೆ, ಕ್ರೇಟ್‌ಗಳು ಮಾರುಕಟ್ಟೆಯ ಹಿಕ್ಕೆ ಹೊತ್ತು ಬಂದಿರುತ್ತವೆ. ಉಳಿದ ಕೋಳಿಗಳಿಗೆ ಅಂದು ಹತ್ತಿದರೆ ಕೊನೆಯ ಲೋಡ್ ಹೊರಡುವ ಹೊತ್ತಿಗೆ ಶೆಡ್ ಪೂರ್ತಿ ಹಬ್ಬಿರುತ್ತದೆ.

ಒಂದು ಶೆಡ್ ಒಂದೇ ಸಲ ಖಾಲಿ ಮಾಡಿಸುವುದು ಉತ್ತಮ. ಎರಡು ಶೆಡ್ ಇದ್ದರೆ ದಿನಕ್ಕಿಷ್ಟು ಎಂದು ಎರಡರಿಂದಲೂ ತೆಗೆಯದೆ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಲಿ. ಅದೂ ಆಗದಿದ್ದರೆ ಮೊದಲು ಎತ್ತುವ ಭಾಗವನ್ನು ಬಾಗಿಲ ಬಳಿಯ ಬಲೆಯಿಂದ ಬೇರೆ ಮಾಡಿ, ಹುಡುಗರು ಅದರಾಚೆ ದಾಟದಂತೆ ನೋಡಿ. ಗಮ್‌ಬೂಟ್ ನೀವೇ ಕೊಡಿ. ಬರಿ ನೀರು ಎರಚಿದ ಕ್ರೇಟ್ ಅಪಾಯಕಾರಿ, ಒದ್ದೆಯಲ್ಲಿ ರೋಗಾಣು ಬದುಕುತ್ತದೆ. ಸೋಪು ಹಾಕಿ ಉಜ್ಜಿ, ಕ್ರಿಮಿನಾಶಕ ಹಚ್ಚಿ, ಬಿಸಿಲಿಗೆ ಬೋರಲು ಹಾಕಿ ಪೂರ್ತಿ ಒಣಗಿಸಿದ ಕ್ರೇಟ್ ತರಲು ವ್ಯಾಪಾರಿಗೆ ಹೇಳಿ. ಬಿಸಿಲು ನಮ್ಮಲ್ಲಿ ಪುಕ್ಕಟೆ, ಇದನ್ನು ಬಳಸಿಕೊಳ್ಳದಿರುವುದು ದಡ್ಡತನ.

ಕತ್ತರಿಸುವ 8ರಿಂದ 12 ಗಂಟೆ ಮೊದಲು ಮೇವು ನಿಲ್ಲಿಸಬೇಕು, ನೀರು ಇರಲಿ. 8 ಗಂಟೆಗಿಂತ ಕಡಿಮೆಯಾದರೆ ತುಂಬಿದ ಕರುಳು ಒಡೆದು ಮಾಂಸದ ಮೇಲೆ ಚೆಲ್ಲುತ್ತದೆ. ತೀರಾ ಹೆಚ್ಚಾದರೆ ಕರುಳಿನ ಗೋಡೆ ತೆಳುವಾಗಿ ಹರಿಯುತ್ತದೆ. ಸಾಗಣೆಯ ಸಮಯವನ್ನೂ ಈ ಲೆಕ್ಕಕ್ಕೆ ಸೇರಿಸಿ. ಮೇವಿಲ್ಲದಾಗ ಕೋಳಿ ಹಸಿವಿಗೆ ಲಿಟರ್ ಕುಕ್ಕುತ್ತದೆ, ಆಗ ಅದರ ಕೊರಳಿನ ಮೇವಿನ ಚೀಲದಲ್ಲಿ ರೋಗಾಣು ತುಂಬಿಕೊಳ್ಳುತ್ತದೆ. ಈ ಅವಧಿಯ ನೀರಿಗೆ ಶೇ 0.44ರಷ್ಟು ಲ್ಯಾಕ್ಟಿಕ್ ಆಮ್ಲ ಬೆರೆಸಿದರೆ ಚೀಲದೊಳಗಿನ ಹೊರೆ ಇಳಿಯುತ್ತದೆ ಎಂಬುದು ಪ್ರಯೋಗದಲ್ಲಿ ಕಂಡಿದೆ. ಕರುಳಿನೊಳಗಿನದಕ್ಕೆ ಇದರಿಂದ ಏನೂ ಆಗದು.

ಪ್ರಶ್ನೆ: ಅರಿಸಿನ, ಉಪ್ಪು ಹಚ್ಚಿ ಎರಡು ಮೂರು ನೀರಿನಲ್ಲಿ ತೊಳೆದರೆ ಕೋಳಿಮಾಂಸದ ರೋಗಾಣು ಹೋಗುತ್ತದೆಯೇ? (ಮೈಸೂರಿನ ಗೃಹಿಣಿ)

ಉತ್ತರ: ಹೋಗುವುದಿಲ್ಲ. ನಲ್ಲಿ ಜೋರಾಗಿ ಬಿಟ್ಟು ತೊಳೆದರೆ ಸಿಂಕ್, ಪಕ್ಕದ ಪಾತ್ರೆ, ಕಟ್ಟೆಯ ಮೇಲಿಟ್ಟ ಕೊತ್ತಂಬರಿ ಎಲ್ಲಕ್ಕೂ ಹನಿ ಸಿಡಿಯುತ್ತದೆ. ನಮ್ಮ ಅಡುಗೆಯಲ್ಲಿ ಸಾರು ಕುದಿದೇ ಕುದಿಯುತ್ತದೆ. ಮಾಂಸದ ಒಳಭಾಗ 75 ಡಿಗ್ರಿ ಮುಟ್ಟಿದರೆ ಈ ರೋಗಾಣು ಉಳಿಯುವುದಿಲ್ಲ. ಕಾಯಿಲೆ ಬರುವುದು ಕುದಿಯುವ ಪಾತ್ರೆಯಿಂದಲ್ಲ, ಕುದಿಯದ ಈರುಳ್ಳಿ ಹೋಳಿನಿಂದ. ಕೋಳಿ ಹೆಚ್ಚಿದ ಚಾಕು, ಮಣೆಯಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿ ತಟ್ಟೆಗೆ ಹಾಕುತ್ತೇವೆ. ಕಾಯಿಲೆಗೆ ಹೆಚ್ಚು ರೋಗಾಣು ಬೇಕಿಲ್ಲ, ಸ್ವಯಂಸೇವಕರ ಮೇಲಿನ ಪರೀಕ್ಷೆಗಳಲ್ಲಿ 500ರಿಂದ 800ರಷ್ಟೇ ಸಾಕಾಗಿತ್ತು. ಹಸಿ ಕೋಳಿಯ ಒಂದು ಹನಿ ರಸದಲ್ಲಿ ಅಷ್ಟು ಇರಬಲ್ಲವು.

ಅಂಗಡಿಯಿಂದ ರಕ್ತ, ಪುಕ್ಕ ಅಂಟಿದ ಮಾಂಸ ಬಂದಾಗ ತೊಳೆಯದೆ ಮನಸ್ಸು ಒಪ್ಪುವುದಿಲ್ಲ ಎಂಬುದು ಅರ್ಥವಾಗುತ್ತದೆ. ಹಾಗಿದ್ದರೆ ಆಳವಾದ ಪಾತ್ರೆಯಲ್ಲಿ ಮೊದಲೇ ನೀರು ತುಂಬಿ, ಮಾಂಸ ಅದರಲ್ಲಿ ಮುಳುಗಿಸಿ ಕೈಯಾಡಿಸಿ, ನೀರನ್ನು ಸಿಡಿಯದಂತೆ ನಿಧಾನವಾಗಿ ಚೆಲ್ಲಿ. ಸಲಾಡ್‌ಗೆ ಬೇಕಾದ್ದನ್ನೆಲ್ಲ ಮೊದಲೇ ಹೆಚ್ಚಿ ಮುಚ್ಚಿಡಿ, ಕೋಳಿ ಕೊನೆಗೆ ಬರಲಿ. ಆಮೇಲೆ ಮಣೆ, ಚಾಕು, ಸಿಂಕ್, ನಲ್ಲಿಯ ತಿರುಗಣೆ ಎಲ್ಲವನ್ನೂ ಸೋಪು, ಬಿಸಿನೀರಿನಲ್ಲಿ ತೊಳೆದು ಒಣಗಲು ಬಿಡಿ. ತಿರುಗಣೆ ಮರೆಯುವವರೇ ಹೆಚ್ಚು, ಹಸಿ ಕೈ ಮೊದಲು ಮುಟ್ಟುವುದು ಅದನ್ನೇ. ಕಬಾಬ್, ತಂದೂರಿ, ಈಲಿ (ಲಿವರ್) ಮಾಡುವಾಗ ದಪ್ಪ ತುಂಡು ಸೀಳಿ ನೋಡಿ, ಮೂಳೆಯ ಬದಿ ಗುಲಾಬಿ ಬಣ್ಣವಿದ್ದರೆ ಇನ್ನಷ್ಟು ಬೇಯಿಸಿ.

ಫ್ರಿಜ್‌ನ 4 ಡಿಗ್ರಿಯಲ್ಲಿ ಇದು ಬೆಳೆಯದು, ಆದರೆ ಚೆನ್ನಾಗಿ ಬದುಕಿರುತ್ತದೆ. ಮಾಂಸದ ಡಬ್ಬಿ ಕೆಳಗಿನ ಶೆಲ್ಫ್‌ನಲ್ಲಿರಲಿ, ಮೇಲಿಟ್ಟರೆ ರಸ ಮೊಸರಿಗೆ ತೊಟ್ಟಿಕ್ಕುತ್ತದೆ. ಹೆಪ್ಪುಗಟ್ಟಿಸಿದರೆ ಸಂಖ್ಯೆ ಬಹಳ ಇಳಿಯುತ್ತದೆ, ಪೂರ್ತಿ ಹೋಗದು. ಐಸ್‌ಲೆಂಡ್‌ನಲ್ಲಿ ತಾಜಾ ಕೋಳಿಮಾಂಸದ ಮಾರಾಟ ಶುರುವಾದ ಮೇಲೆ ಕಾಯಿಲೆ ಏರುತ್ತ 1999ರಲ್ಲಿ ಉತ್ತುಂಗ ಮುಟ್ಟಿತು. ರೋಗಾಣು ಸಿಕ್ಕ ಬ್ಯಾಚಿನ ಮಾಂಸವನ್ನು ಹೆಪ್ಪುಗಟ್ಟಿಸಿಯೇ ಮಾರಬೇಕೆಂಬ ಕ್ರಮ ಬಂದ ಮೇಲೆ, ಜನರಿಗೆ ತಿಳಿವಳಿಕೆ ಕೊಟ್ಟ ಮೇಲೆ, ಅದು ಸರ್ರನೆ ಇಳಿಯಿತು. ಅದೇ 1999ರ ಜೂನ್‌ನಲ್ಲಿ ಬೆಲ್ಜಿಯಂನಲ್ಲಿ ಮೇವಿಗೆ ಡಯಾಕ್ಸಿನ್ ಎಂಬ ವಿಷ ಬೆರೆತಿದ್ದರಿಂದ ಕೋಳಿ, ಮೊಟ್ಟೆ ಅಂಗಡಿಗಳಿಂದ ಮಾಯವಾದವು. ಆ ವಾರಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಭೇದಿ ಸುಮಾರು ಶೇ 40 ಕಡಿಮೆಯಾಯಿತು. ಕೋಳಿಯ ಪಾಲು ಎಷ್ಟು ಎಂಬುದಕ್ಕೆ ಇಷ್ಟು ನೇರವಾದ ಲೆಕ್ಕ ಬೇರೆ ಸಿಗುವುದು ಕಷ್ಟ.

ಪ್ರಶ್ನೆ: ಕೋಳಿ ತಿಂದರೆ ಕೈಕಾಲು ಬಿದ್ದುಹೋಗುತ್ತವಂತೆ, ನಿಜವೇ?

ಉತ್ತರ: ಚೆನ್ನಾಗಿ ಬೆಂದ ಕೋಳಿ ತಿಂದು ಹಾಗಾಗುವುದಿಲ್ಲ. ಗಿಲನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್, ಹಲವು ಸೋಂಕುಗಳ ನಂತರ ಬರಬಹುದು. ಅವುಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಮುಖ್ಯವಾದದ್ದು. ಈ ರೋಗಾಣುವಿನ ಕೆಲವು ತಳಿಗಳ ಹೊರಕವಚದ ಸಕ್ಕರೆ ಅಂಶ ನಮ್ಮ ನರಗಳ ಮೇಲಿನ ಅಂಶವನ್ನೇ ಹೋಲುತ್ತದೆ. ರೋಗಾಣುವಿಗೆಂದು ದೇಹ ಮಾಡಿಕೊಂಡ ಪ್ರತಿಕಾಯ ನರಗಳ ಮೇಲೂ ಎರಗುತ್ತದೆ. ಸಾವಿರ ಭೇದಿ ಪ್ರಕರಣಗಳಲ್ಲಿ ಒಂದರಷ್ಟು ಎಂದು ಅಂದಾಜು. ಪುಣೆಯಲ್ಲಿ ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಸಿಕ್ಕಿತು, ಕುಡಿಯುವ ನೀರಿನ ಮೇಲೆ ಅನುಮಾನ ಹೋಯಿತು.

ರೋಗಾಣು ಹೊಟ್ಟೆ ಸೇರಿದ 2ರಿಂದ 5 ದಿನದಲ್ಲಿ ಸಾಮಾನ್ಯವಾಗಿ ಭೇದಿ ಶುರುವಾಗುತ್ತದೆ. ಜ್ವರ, ಹೊಟ್ಟೆನುಲಿತ, ಕೆಲವೊಮ್ಮೆ ರಕ್ತ. ಹೆಚ್ಚಿನವರಿಗೆ ವಾರದೊಳಗೆ ವಾಸಿ, ಓಆರ್‌ಎಸ್ ಸಾಕು. ಔಷಧ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಭೇದಿ ನಿಂತ ಒಂದರಿಂದ ಮೂರು ವಾರಗಳಲ್ಲಿ ಎರಡೂ ಪಾದಗಳಲ್ಲಿ ಜುಮುಜುಮು, ಮೆಟ್ಟಿಲು ಹತ್ತಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡರೆ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ.

ಪ್ರಶ್ನೆ: ಹಸಿ ಹಾಲು ಕುಡಿಯಬಹುದೇ? ನಮ್ಮದು ಮನೆಯ ಹಸು, ಕಾಯಿಲೆಯಿಲ್ಲ.

ಉತ್ತರ: ಬೇಡ. ಆರೋಗ್ಯವಂತ ಹಸುವಿನ ಸಗಣಿಯಲ್ಲೂ ಈ ರೋಗಾಣು ಇರುತ್ತದೆ, ಕೆಚ್ಚಲಿಗೆ ಅಂಟಿದ ಚೂರು ಸಗಣಿ ಸಾಕು. ಒಂದು ಉಕ್ಕು ಬರುವವರೆಗೆ ಕಾಯಿಸಿದರೆ ಚಿಂತೆಯಿಲ್ಲ.

ಪ್ರಶ್ನೆ: ಊರ ಹೋರಿಗೆ ಕೊಡಿಸಿದ ನಾಲ್ಕು ಹಸುಗಳೂ ಗಬ್ಬ ನಿಲ್ಲುತ್ತಿಲ್ಲ. 21 ದಿನಕ್ಕಲ್ಲ, 30–40 ದಿನಕ್ಕೆ ತಿರುಗಿ ಬೆದೆಗೆ ಬರುತ್ತವೆ. ಒಂದು ಐದು ತಿಂಗಳಿಗೆ ಕಂದು ಹಾಕಿತು. ಹೋರಿ ಗಟ್ಟಿಮುಟ್ಟಾಗಿದೆ. (ಹಾವೇರಿ)

ಉತ್ತರ: ಇದು ಅದೇ ಕುಲದ ಬೇರೆ ಜಾತಿಯ ಕೆಲಸವಿರಬಹುದು. ಕ್ಯಾಂಪಿಲೊಬ್ಯಾಕ್ಟರ್ ಫೀಟಸ್ ವೆನೆರಿಯಾಲಿಸ್ ಎಂಬುದು ಹೋರಿಯ ಶಿಶ್ನದ ಚರ್ಮದ ಮಡಿಕೆಗಳಲ್ಲಿ ಮನೆ ಮಾಡಿರುತ್ತದೆ. ಹೋರಿಗೆ ಯಾವ ಲಕ್ಷಣವೂ ಇಲ್ಲ, ಅದರ ವೀರ್ಯವೂ ನೋಡಲು ಸರಿಯಾಗಿರುತ್ತದೆ. ವಯಸ್ಸಾದಂತೆ ಮಡಿಕೆಗಳು ಆಳವಾಗುವುದರಿಂದ ನಾಲ್ಕು ವರ್ಷ ದಾಟಿದ ಹೋರಿಗಳಲ್ಲಿ ಸೋಂಕು ಗಟ್ಟಿಯಾಗಿ ಉಳಿಯುತ್ತದೆ. ಹಸು ಗಬ್ಬ ಕಟ್ಟುತ್ತದೆ, ಆದರೆ ಗರ್ಭಕೋಶದ ಉರಿಯೂತದಿಂದ ಭ್ರೂಣ ಬೇಗ ಸಾಯುತ್ತದೆ. ಬೆದೆ 21 ದಿನಕ್ಕೆ ಬರದೆ ತಡವಾಗುವುದು ಅದಕ್ಕೇ. ನೀವು ದಿನ ಲೆಕ್ಕ ಇಟ್ಟಿರುವುದು ಬಹಳ ಒಳ್ಳೆಯದಾಯಿತು, ರೋಗ ಗುರುತಿಸಲು ಅದೇ ಮೊದಲ ಸುಳಿವು. ಟ್ರೈಕೊಮೊನಾಸ್ ಎಂಬ ಇನ್ನೊಂದು ಸೋಂಕೂ ಹೀಗೇ ಕಾಣುತ್ತದೆ, ಕಂದು ಹಾಕಲು ಬ್ರುಸೆಲ್ಲಾ ಎಂಬ ರೋಗಾಣು ಕೂಡ ಕಾರಣವಿರಬಹುದು. ಹಾಗಾಗಿ ಪರೀಕ್ಷೆ ಬೇಕು. ಹೋರಿಯ ಚರ್ಮದ ಚೀಲ ತೊಳೆದ ದ್ರವವನ್ನು ಪಶುವೈದ್ಯರು ಒಂದಕ್ಕಿಂತ ಹೆಚ್ಚು ಸಲ, ವಾರದ ಅಂತರದಲ್ಲಿ ತೆಗೆಯುತ್ತಾರೆ. ಒಂದು ಸಲ ಸಿಗಲಿಲ್ಲ ಎಂದು ಹೋರಿಗೆ ಬಿಡುಗಡೆ ಕೊಡಬೇಡಿ.

ಇವತ್ತಿನಿಂದಲೇ ಆ ಹೋರಿಗೆ ಹಸು ಕೊಡಿಸುವುದು ನಿಲ್ಲಲಿ, ನಿಮ್ಮದಷ್ಟೇ ಅಲ್ಲ, ಊರಿನ ಎಲ್ಲರದೂ. ಹಸುಗಳನ್ನು ಮಾರಬೇಕಿಲ್ಲ. ಗೊಡ್ಡು ಎಂದು ಕಡಿಮೆ ಬೆಲೆಗೆ ಕೊಟ್ಟರೆ ನಿಮಗೂ ನಷ್ಟ, ಕೊಂಡವರಿಗೂ ಸೋಂಕು. ಅವುಗಳ ದೇಹವೇ ಕೆಲವು ತಿಂಗಳಲ್ಲಿ ಸೋಂಕನ್ನು ಗೆದ್ದು ಮತ್ತೆ ಗಬ್ಬಕ್ಕೆ ಸಿದ್ಧವಾಗುತ್ತದೆ. ಮುಂದೆ ಕೃತಕ ಗರ್ಭಧಾರಣೆಯೇ ಇರಲಿ. ಹೆಸರಘಟ್ಟದಂಥ ವೀರ್ಯ ಕೇಂದ್ರಗಳ ಹೋರಿಗಳನ್ನು ಈ ರೋಗಕ್ಕೆ ನಿಯಮದ ಪ್ರಕಾರ ಪರೀಕ್ಷಿಸುತ್ತಾರೆ, ವೀರ್ಯದ ದ್ರಾವಣಕ್ಕೂ ಪ್ರತಿಜೀವಕ ಸೇರಿಸಿರುತ್ತಾರೆ.

ಪ್ರಶ್ನೆ: ಕುರಿಗಳು ಈಯುವ ತಿಂಗಳಲ್ಲಿ ಸಾಲಾಗಿ ಕಂದು ಹಾಕುತ್ತಿವೆ. ಬೇರೆಯವರು ಎಲ್ಲವನ್ನೂ ಮಾರಿಬಿಡಿ ಎನ್ನುತ್ತಾರೆ. (ಶಿರಾ)

ಉತ್ತರ: ಮಾರಬೇಡಿ, ಮೊದಲು ಕಾರಣ ತಿಳಿಯಲಿ. ಕ್ಯಾಂಪಿಲೊಬ್ಯಾಕ್ಟರ್ ಫೀಟಸ್ ಮತ್ತು ಜೆಜುನಿ ಎರಡೂ ಕುರಿಗಳಲ್ಲಿ ಗಬ್ಬದ ಕೊನೆಯ ವಾರಗಳಲ್ಲಿ ಕಂದು ಹಾಕಿಸುತ್ತವೆ. ಕುರಿಗಳಲ್ಲಿ ಇದು ಟಗರಿನಿಂದಲ್ಲ, ಬಾಯಿಯ ಮೂಲಕ ಹರಡುತ್ತದೆ. ಬಿದ್ದ ಮರಿ, ಮಾಸು, ಸೋರಿದ ದ್ರವ ತಾಗಿದ ಮೇವು, ನೀರಿನಿಂದ ಉಳಿದವಕ್ಕೆ ದಾಟುತ್ತದೆ. ಕಾಗೆ, ನಾಯಿ ಎಳೆದೊಯ್ದು ಇನ್ನೊಂದು ಹಟ್ಟಿಗೂ ಮುಟ್ಟಿಸುತ್ತವೆ. ಬ್ರುಸೆಲ್ಲಾ, ಕ್ಲಮೈಡಿಯಾ, ಕುರಿ-ಮೇಕೆಗಳ ಪಿಪಿಆರ್ ರೋಗ ಕೂಡ ಹೀಗೇ ಮಾಡುತ್ತವೆ. ಮೊದಲೆರಡು ಮನುಷ್ಯರಿಗೂ ಹತ್ತುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಬಸುರಿ ಹೆಂಗಸರು ಹತ್ತಿರ ಹೋಗುವುದು ಬೇಡವೇ ಬೇಡ.

ತಾಜಾ ಬಿದ್ದ ಮರಿಯನ್ನು ಮಾಸಿನೊಂದಿಗೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಜೊತೆ ಅಂದೇ ಪಶು ಆಸ್ಪತ್ರೆಗೆ ತಲುಪಿಸಿ. ಮರಿಯ ಹೊಟ್ಟೆಯೊಳಗಿನ ದ್ರವದಲ್ಲಿ ರೋಗಾಣು ಸಿಗುವ ಸಂಭವ ಹೆಚ್ಚು. ಕೆಲವು ಮರಿಗಳ ಈಲಿಯ ಮೇಲೆ ಉಂಗುರದಂಥ ಬೂದು ಕಲೆ ಇರುತ್ತದೆ. ಉಳಿದವನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ. ಕಂದು ಹಾಕಿದ ಕುರಿಯನ್ನು ಗಬ್ಬದ ಕುರಿಗಳಿಂದ ಬೇರೆ ಕಟ್ಟಿ, ಮೇವನ್ನು ನೆಲಕ್ಕೆ ಹಾಕದೆ ಬಾನಿಯಲ್ಲಿ ಕೊಡಿ. ಕಾರಣ ಕ್ಯಾಂಪಿಲೊಬ್ಯಾಕ್ಟರ್ ಎಂದಾದರೆ, ಕಂದು ಹಾಕಿದ ಕುರಿಗೆ ಆಮೇಲೆ ರೋಗನಿರೋಧಕ ಶಕ್ತಿ ಬಂದಿರುತ್ತದೆ, ಮುಂದಿನ ಸಲ ಚೆನ್ನಾಗಿಯೇ ಈಯುತ್ತದೆ. ಅದನ್ನು ಮಾರಿ ಹೊಸ ಕುರಿ ತಂದರೆ ಹೊಸದೇ ಕಂದು ಹಾಕೀತು. ಬ್ರುಸೆಲ್ಲಾ ಆದರೆ ಮಾತು ಪೂರ್ತಿ ಬೇರೆ.

ಪ್ರಶ್ನೆ: ಕೋಳಿ ಗೊಬ್ಬರ ಮಳೆಗೆ ಮುಂಚೆ ಹೊಲಕ್ಕೆ ಹಾಕುತ್ತೇವೆ. ಹೊಲದಲ್ಲೇ ಕುಡಿಯುವ ನೀರಿನ ಬಾವಿ ಇದೆ.

ಉತ್ತರ: ಹಸಿ ಗೊಬ್ಬರ, ಜೋರು ಮಳೆ, ಹತ್ತಿರದ ಬಾವಿ ಮೂರೂ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಊರುಗಳ ಕಥೆ ಸಾಕು. ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳ ಮಳೆಗೆ ಹೊಲದ ದನದ ಗೊಬ್ಬರ ಊರಿನ ಬಾವಿಗೆ ಇಳಿದು ಈ.ಕೋಲೈ ಎಂಬ ಬೇರೆ ರೋಗಾಣು ಮತ್ತು ಕ್ಯಾಂಪಿಲೊಬ್ಯಾಕ್ಟರ್‌ನಿಂದ ಸುಮಾರು 2,300 ಜನ ಮಲಗಿದರು, 7 ಮಂದಿ ತೀರಿಕೊಂಡರು. ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ. ನ್ಯೂಜಿಲೆಂಡ್‌ನ ಹ್ಯಾವ್‌ಲಾಕ್ ನಾರ್ತ್‌ನಲ್ಲಿ 2016ರ ಆಗಸ್ಟ್‌ನಲ್ಲಿ ಕುರಿ ಹಿಕ್ಕೆ ಸೇರಿದ ಮಳೆನೀರು ಕೊಳವೆಬಾವಿ ಮುಟ್ಟಿತು. ಸುಮಾರು 14,000 ಜನರ ಊರಲ್ಲಿ ಸಾವಿರಾರು ಮಂದಿಗೆ ಭೇದಿಯಾಯಿತು. ಅಲ್ಲಿ ನೀರಿಗೆ ಕ್ಲೋರಿನ್ ಹಾಕುವ ರೂಢಿಯೇ ಇರಲಿಲ್ಲ.

ಗೊಬ್ಬರವನ್ನು ರಾಶಿ ಮಾಡಿ ಒಳಗಿನ ಬಿಸಿ 55 ಡಿಗ್ರಿ ಮುಟ್ಟಲು ಬಿಡಿ. ಹೊರಗಿನ ಪದರ ತಣ್ಣಗೇ ಇರುವುದರಿಂದ ರಾಶಿಯನ್ನು ಮಗುಚಿ ಹೊರಗಿನದು ಒಳಗೆ ಬರುವಂತೆ ಮಾಡಿ, ಮತ್ತೆ ಬಿಸಿಯಾಗಲಿ. ಗೋಬರ್ ಗ್ಯಾಸ್ ಸ್ಲರಿಯನ್ನು ಸುರಕ್ಷಿತ ಎಂದುಕೊಳ್ಳಬೇಡಿ, ಆ ಗುಂಡಿಯ ಬಿಸಿ ಸಾಲದು, ಆಮ್ಲಜನಕವಿಲ್ಲದ ಜಾಗ ಈ ರೋಗಾಣುವಿಗೆ ಅಷ್ಟೇನೂ ಕಷ್ಟವಲ್ಲ. ತಿಪ್ಪೆ ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇರಲಿ. ಬಾವಿಗೆ ಎತ್ತರದ ಕಟ್ಟೆ, ಸುತ್ತ ಹೊರಕ್ಕೆ ಇಳಿಜಾರಿರುವ ಸಿಮೆಂಟ್ ನೆಲ ಬೇಕು.

ಬಾವಿಗೆ ಕ್ಲೋರಿನ್ ಹಾಕಲು: ವ್ಯಾಸವನ್ನು ವ್ಯಾಸದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಎಲ್ಲ ಮೀಟರ್‌ನಲ್ಲಿ. 1,000ದಿಂದ ಗುಣಿಸಿದರೆ ಲೀಟರ್. 3 ಮೀಟರ್ ಅಗಲ, 2 ಮೀಟರ್ ನೀರು ಇರುವ ಬಾವಿಯಲ್ಲಿ ಸುಮಾರು 14,000 ಲೀಟರ್. 1,000 ಲೀಟರ್‌ಗೆ 2.5 ಗ್ರಾಂನಂತೆ 35 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ತಿಳಿಯನ್ನು ಬಕೆಟ್‌ನಲ್ಲಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಬೆರೆಸಿ, ಒಂದು ಗಂಟೆ ಬಿಟ್ಟು ನೋಡಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲವಾದರೆ ಮತ್ತೆ ಹಾಕಿ. ಮಳೆಗಾಲದಲ್ಲಿ ರಾಡಿ ನೀರು ಹೆಚ್ಚು ಕ್ಲೋರಿನ್ ನುಂಗುತ್ತದೆ.

ಪ್ರಶ್ನೆ: ಒಂದೇ ಶೆಡ್ಡಿನ ಸ್ಯಾಂಪಲ್ ಒಂದು ಲ್ಯಾಬ್‌ನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಎಂದು ಬಂತು. ಯಾವುದನ್ನು ನಂಬಲಿ?

ಉತ್ತರ: ‘ಇದೆ’ ಎಂದದ್ದನ್ನು ನಂಬಿ. ಇದು ಗಾಳಿಗೆ, ಒಣಗುವಿಕೆಗೆ ಸಾಯುವ ಜೀವಿಯಾದ್ದರಿಂದ ದಾರಿಯಲ್ಲೇ ಸತ್ತು ‘ಇಲ್ಲ’ ಎಂದು ಬರುವುದು ಸುಲಭ. ಕಾಗದದ ಪೊಟ್ಟಣದಲ್ಲಿ, ಒಣ ಹತ್ತಿಯ ಕಡ್ಡಿಯಲ್ಲಿ ಕಳಿಸಿದ್ದರೆ ಆ ವರದಿಗೆ ಬೆಲೆಯಿಲ್ಲ. ಶೆಡ್ಡಿನ ಬೇರೆ ಬೇರೆ ಕಡೆಯಿಂದ ಹಸಿ ಹಿಕ್ಕೆ ತೆಗೆಯಿರಿ. ಕಂದುಬಣ್ಣದ ಅಂಟಾದ ಹಿಕ್ಕೆ ಕುರುಡುಕರುಳಿನದು, ಅದೇ ಮುಖ್ಯ. ಲ್ಯಾಬ್‌ನಿಂದ ಮೊದಲೇ ಕ್ಯಾರಿ-ಬ್ಲೇರ್ ಎಂಬ ಸಾಗಣೆ ಮಾಧ್ಯಮದ ಟ್ಯೂಬ್ ತರಿಸಿಕೊಂಡು ಅದರಲ್ಲಿ ಹಾಕಿ ಮುಚ್ಚಿ. ಐಸ್‌ಪ್ಯಾಕ್ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ, ಬಿಸಿಲು ತಾಗದಂತೆ, 24 ಗಂಟೆಯೊಳಗೆ ತಲುಪಲಿ. ಫ್ರೀಜರ್‌ನಲ್ಲಿ ಇಡಬೇಡಿ. ಲ್ಯಾಬ್‌ನವರನ್ನು ಎರಡು ಮಾತು ಕೇಳಿ: 42 ಡಿಗ್ರಿಯಲ್ಲಿ, ಕಡಿಮೆ ಆಮ್ಲಜನಕದ ಡಬ್ಬಿಯಲ್ಲಿ ಬೆಳೆಸುತ್ತೀರಾ? 48 ಗಂಟೆ ಕಾಯುತ್ತೀರಾ? ಮಾಮೂಲಿ ಇನ್‌ಕ್ಯುಬೇಟರ್‌ನಲ್ಲಿ ಒಂದು ರಾತ್ರಿ ಇಟ್ಟು ನೋಡುವ ಲ್ಯಾಬ್‌ಗೆ ಈ ರೋಗಾಣು ಸಿಗುವುದಿಲ್ಲ. ಆ ಹೊತ್ತಿಗೆ ಕೋಳಿಗಳಿಗೆ ಯಾವುದಾದರೂ ಆ್ಯಂಟಿಬಯೋಟಿಕ್ ಕೊಡುತ್ತಿದ್ದರೆ ಅದನ್ನೂ ಸ್ಯಾಂಪಲ್ ಚೀಟಿಯಲ್ಲಿ ಬರೆಯಿರಿ.